ಹುಲಿಯಂಗಿ: ಶ್ರೀರಂಗಪಟ್ಟಣದ ಸೈನಿಕ ಉಡುಪಿನ ಚರಿತ್ರೆ

ಟಿಪ್ಪು ಸುಲ್ತಾನನ ಖಾಯಂ ಕಾಲಾಳು ಪಡೆಯ ಸಿಪಾಯಿಯನ್ನು ದೂರದಿಂದಲೇ ಗುರುತಿಸಲು ಅವನ ಅಂಗಿಯೊಂದು ಸಾಕಿತ್ತು. ನೇರಳೆ ಬಣ್ಣದ ಉಣ್ಣೆ ಬಟ್ಟೆ, ಅದರ ತುಂಬ ವಜ್ರಾಕಾರದ ಬಿಳಿ ಮಚ್ಚೆ. ತಲೆಗೆ ಕೆಂಪು ಮಸ್ಲಿನ್ ರುಮಾಲು, ಸೊಂಟಕ್ಕೆ ಅದೇ ಕೆಂಪಿನ ನಡುಕಟ್ಟು, ಕಾಲಿಗೆ ಚಪ್ಪಲಿ. 1799ರ ಯುದ್ಧದ ಬಗ್ಗೆ ಮಾರನೆಯ ವರ್ಷ ಲಂಡನ್ನಿನಲ್ಲಿ ಅಚ್ಚಾದ ವರದಿಯೊಂದು ಈ ವಿವರಗಳನ್ನು ಕೊಡುತ್ತದೆ. ಅದನ್ನು ಹುಲಿಯಂಗಿ ಎಂದೇ ಕರೆಯುತ್ತಿದ್ದರು. ಸಾವಿರಗಟ್ಟಲೆ ಹೊಲಿಸಿದ ಆ ಅಂಗಿ ಈಗ ಬಹುಮಟ್ಟಿಗೆ ಬರಹಗಳಲ್ಲಿ, ಚಿತ್ರಗಳಲ್ಲಿ ಉಳಿದಿದೆ. ದೊರೆಯ ಡೇರೆ, ದೊರೆಮನೆಯ ಹತ್ತಿಗವಚ ಸಮುದ್ರ ದಾಟಿ ಗಾಜಿನ ಪೆಟ್ಟಿಗೆ ಸೇರಿದವು. ಸಿಪಾಯಿಯ ಅಂಗಿ ಮೈಮೇಲೇ ಹರಿದು ಚಿಂದಿಯಾಯಿತು. ಹೀಗಾಗಿ ಇವತ್ತು ಹುಲಿಯಂಗಿಯ ಪ್ರತಿ ಮಾಡಿಸಲು ಹೊರಟವರು ಹಳೆಯ ಚಿತ್ರಗಳನ್ನೇ ನೆಚ್ಚಬೇಕು. ಆ ಚಿತ್ರಗಳಲ್ಲಿ ಮುಖ್ಯವಾದವುಗಳಿಗೂ ಎರಡೆರಡು ಸಲ ತೇಪೆ ಬಿದ್ದಿದೆ.

ಸಮವಸ್ತ್ರ ಈ ಸೀಮೆಗೆ ತಡವಾಗಿ ಬಂದದ್ದು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದು ಅಲ್ಲಿ ದಸರಾ ಆರಂಭಿಸಿದರು. ಕಂಠೀರವ ನರಸರಾಜ ಒಡೆಯರ ಕಾಲದ ಪಟ್ಟಣವನ್ನೂ ಅದರ ಪೇಟೆಯನ್ನೂ ದಸರಾ ಮೆರವಣಿಗೆಯನ್ನೂ ಗೋವಿಂದ ವೈದ್ಯ 1648ರ ತನ್ನ ಕಾವ್ಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಆಗ ಮೈಸೂರು ಸೈನ್ಯದ ದೊಡ್ಡ ಪಾಲು ಹಳ್ಳಿಗಳಿಂದ ಬಂದ ಆಳುಗಳದು. ಮುಂದೆ ಕಂದಾಚಾರ ಎಂಬ ಇಲಾಖೆ ಅವರ ಲೆಕ್ಕ ಇಟ್ಟಿತು. ಮಳೆಗಾಲದಲ್ಲಿ ಹೊಲ ಉತ್ತು, ಕರೆ ಬಂದಾಗ ಕತ್ತಿಯನ್ನೋ ಬತ್ತಿಯಿಂದ ಹೊತ್ತಿಸುವ ತೋಡೆದಾರ್ ಕೋವಿಯನ್ನೋ ಹಿಡಿದು ಹೊರಡುವ ಈ ಜನ ತೊಡುತ್ತಿದ್ದದ್ದು ಮನೆಯ ಬಟ್ಟೆಯನ್ನೇ: ಚಲ್ಲಣ, ರುಮಾಲು, ಹೆಗಲ ಮೇಲೊಂದು ಕುರುಬರ ಕಂಬಳಿ. ಆ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ದಂಡು ಸಾಗುವಾಗ ಬುತ್ತಿಯ ಗಂಟು. ಸ್ಥಿತಿವಂತ ಸವಾರರು ಮಾತ್ರ ಹತ್ತಿ ತುಂಬಿದ ದಗಲೆ ಹೊಲಿಸಿಕೊಳ್ಳುತ್ತಿದ್ದರು.

ಹತ್ತಿಯ ಕವಚ ಎಂದರೆ ಇಂದಿನವರಿಗೆ ತಮಾಷೆಯಾಗಿ ಕೇಳಬಹುದು. ಆದರೆ ದಖ್ಖನ್ನಿನ ಬಿಸಿಲಿಗೆ ಕಬ್ಬಿಣಕ್ಕಿಂತ ಅದೇ ವಾಸಿ. ಹತ್ತಿ ಬಟ್ಟೆಯ ಹಲವು ಪದರಗಳ ನಡುವೆ ಹಿಂಜಿದ ಹತ್ತಿ ಹರಡಿ, ಕೌದಿ ಹೊಲಿಯುವ ಹಾಗೆ ಒತ್ತೊತ್ತಾಗಿ ದಾರ ಓಡಿಸಿದರೆ ಕತ್ತಿಯ ಏಟು ಆಳಕ್ಕೆ ಇಳಿಯುವುದಿಲ್ಲ. ಅಲಗು ಮೊದಲ ಪದರಗಳನ್ನು ಕೊಯ್ದು ಹತ್ತಿಯಲ್ಲಿ ಸಿಕ್ಕಿ ಜಾರುತ್ತದೆ, ಏಟಿನ ರಭಸ ಹೊಲಿಗೆಯ ಸಾಲುಗಳ ಉದ್ದಕ್ಕೂ ಹಂಚಿಹೋಗುತ್ತದೆ. ದೂರದಿಂದ ಬಂದು ಬಲ ಕುಂದಿದ ಬಾಣಕ್ಕೂ ಅದು ತಡೆ. ಹತ್ತಿರದಿಂದ ಹಾರಿಸಿದ ಕೋವಿ ಗುಂಡಿಗೆ ಮಾತ್ರ ನಿಲ್ಲದು, ಮಳೆಯಲ್ಲಿ ನೆಂದರೆ ಹೊರಲಾರದಷ್ಟು ಭಾರ. ಟಿಪ್ಪುವಿನ ಮನೆತನಕ್ಕೆ ಸೇರಿದವೆಂದು ಹೇಳುವ, ಎದೆ ಬೆನ್ನನ್ನು ಸುತ್ತುವ ಇಂಥ ಕವಚ, ಅದಕ್ಕೆ ಜೋಡಿಯಾದ ಹತ್ತಿ ತುಂಬಿದ ಶಿರಸ್ತ್ರಾಣ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಹೊರಮೈಗೆ ಮಖಮಲ್ಲು, ಒಳಗೆ ಬರೀ ಹತ್ತಿ.

ಹೈದರ್ ಅಲಿಯ ಕಾಲಕ್ಕೆ ಯುದ್ಧದ ರೀತಿ ಬದಲಾಯಿತು. ಸಾಲಾಗಿ ನಿಂತು, ಒಂದೇ ಆಜ್ಞೆಗೆ ಒಟ್ಟಿಗೆ ಗುಂಡು ಹಾರಿಸುವ ಕಾಲಾಳು ಪಡೆಯನ್ನು ಅವನು ಫ್ರೆಂಚರ ನೆರವಿನಿಂದ ಕಟ್ಟಿದ. ಹೊಗೆ ಮುಸುಕಿದ ರಣರಂಗದಲ್ಲಿ ನಮ್ಮವರು ಯಾರು, ಎದುರಾಳಿ ಯಾರು ಎಂದು ತಿಳಿಯಲು ಇಂಥ ಪಡೆಗೆ ಒಂದೇ ಬಗೆಯ ಉಡುಪು ಬೇಕು. ಹೈದರನಿಗೆ ಉಡುಪಿನ ಮೇಲೆ ಕಣ್ಣೂ ಇತ್ತು. ಅವನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೇಸ್ತ್ರ್ ದ ಲಾ ತೂರ್ ಬರೆದಿರುವಂತೆ, ದಂಡಿನಲ್ಲಿರುವಾಗ ತನಗೂ ತನ್ನ ಸರದಾರರಿಗೂ ಒಂದು ಉಡುಪನ್ನು ಹೈದರನೇ ಗೊತ್ತುಮಾಡಿದ್ದ: ಚಿನ್ನದ ಹೂವುಗಳ ಬಿಳಿ ಸ್ಯಾಟಿನ್ ಅಂಗಿ, ಅದಕ್ಕೆ ಹಳದಿ ಅಂಚು, ಅದೇ ಬಟ್ಟೆಯ ಚಲ್ಲಣ, ಹಳದಿ ಮಖಮಲ್ಲಿನ ಬೂಟು. ಫ್ರೆಂಚರ ದಳ ಬೀಡುಬಿಟ್ಟದ್ದು ಶ್ರೀರಂಗಪಟ್ಟಣದ ಉತ್ತರಕ್ಕಿರುವ ಹಿರೋಡೆಯ ಬಂಡೆಗಳ ಬಳಿ. ಅದರಿಂದಲೇ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಪಾಂಡವಪುರ ಎಂಬ ಈಗಿನ ಹೆಸರು ಬರುವವರೆಗೂ ಅದೇ ನಡೆಯಿತು. ಟಿಪ್ಪು ಸತ್ತ ಮೇಲೆ ಅದೇ ಜಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಲ್ಟನ್ನು ಬಂದು ಕೂತಿತು. ಒಂದೇ ಬಯಲಿನಲ್ಲಿ ಎರಡು ದೇಶದ ಕೋಟುಗಳು, ಹೆಸರು ಮಾತ್ರ ಸೋತವರದು.

ಹುಲಿಪಟ್ಟೆಯನ್ನು ರಾಜ್ಯದ ಗುರುತಾಗಿ ಎಲ್ಲೆಡೆ ಹರಡಿದವನು ಟಿಪ್ಪು. ಬಬ್ರಿ ಎಂದು ಕರೆಯುತ್ತಿದ್ದ ಈ ಪಟ್ಟೆ ಕತ್ತಿಯ ಹಿಡಿ, ಫಿರಂಗಿ, ಕೋವಿ, ಸಿಂಹಾಸನ ಯಾವುದನ್ನೂ ಬಿಡಲಿಲ್ಲ. ಅದು ಸಾಮಾನ್ಯ ಜೀಬ್ರಾ ಗೆರೆಯಲ್ಲ. ನಡುವೆ ಉಬ್ಬಿ ಎರಡೂ ತುದಿಗೆ ಮೊನೆಯಾಗುವ, ಸ್ವಲ್ಪ ಬಾಗಿದ ಗೀಟು. ಅದನ್ನು ಊರಲ್ಲೇ ನೋಡಬೇಕೆಂದರೆ ಗಂಜಾಂ ಬಳಿಯ ಗುಂಬಜ್‌ನ ಒಳಗೆ ಹೋಗಿ ತಲೆ ಎತ್ತಬೇಕು. ಹೈದರ್, ಟಿಪ್ಪುವಿನ ತಾಯಿ ಫಖ್ರುನ್ನೀಸಾ, ಟಿಪ್ಪು ಮೂವರ ಸಮಾಧಿ ಇರುವ ಆ ಕೋಣೆಯ ಗೋಡೆಯ ತುಂಬ ಇದೇ ಪಟ್ಟೆ. ಇನ್ನು ಸಿಪಾಯಿಯ ಅಂಗಿಯ ಚಿತ್ರ ಕೊಟ್ಟವರಲ್ಲಿ ಮುಖ್ಯನಾದವನು ಕಂಪನಿ ಸೈನ್ಯದ ಜೊತೆ ಬಂದಿದ್ದ ಫಿರಂಗಿ ದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್. 1790ರ ದಶಕದಲ್ಲಿ ಬರೆದುಕೊಂಡ ರೇಖಾಚಿತ್ರಗಳನ್ನು ಅವನು 1806ರಲ್ಲಿ ಅಚ್ಚುಹಾಕಿಸಿದ. ಟಿಪ್ಪುವಿನ ಖಾಯಂ ಪಡೆಯ ಸಿಪಾಯಿಯೊಬ್ಬ ಅದರಲ್ಲಿದ್ದಾನೆ. ಚಿತ್ರಕಾರ ರಾಬರ್ಟ್ ಹೋಮ್ ಕೂಡ 1791–92ರ ದಂಡಯಾತ್ರೆಯಲ್ಲಿ ಜೊತೆಗಿದ್ದ. ಇಬ್ಬರೂ ಶತ್ರುಪಕ್ಷದವರು ಎಂಬುದನ್ನು ಮರೆಯದೆ ಈ ಚಿತ್ರಗಳನ್ನು ನೋಡಬೇಕು. ಆದರೂ ಫಿರಂಗಿಯವನ ಕಣ್ಣು ಎದುರಾಳಿಯ ಉಡುಪಿನ ವಿಷಯದಲ್ಲಿ ಅಷ್ಟು ಸುಲಭವಾಗಿ ತಪ್ಪುವುದಿಲ್ಲ.

ಅಂಗಿಗೆ ಬೇಕಾದ ಕೆಲಸ ಒಂದೇ ಕೇರಿಯದಲ್ಲ. ನೂಲುವವರು, ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು ಬೇರೆಬೇರೆ ಜನ. ದೇವಾಂಗರು, ತೊಗಟರು, ಬಿಳಿಮಗ್ಗದವರು, ಪಟ್ಟೆಗಾರರು, ಖತ್ರಿಗಳು ಎಂದು ನೇಕಾರರಲ್ಲೇ ಎಷ್ಟೊಂದು ಬಗೆ. ಯಾರು ಯಾವ ಬಟ್ಟೆ ನೇಯುತ್ತಾರೆ ಎಂಬುದನ್ನು 1800ರಲ್ಲಿ ಮೈಸೂರು ಸೀಮೆ ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಕೇಳಿ ಕೇಳಿ ಬರೆದುಕೊಂಡಿದ್ದಾನೆ. ನೀಲಿಗೆ ನೀಲಿಗಿಡ, ಕೆಂಪಿಗೆ ಮಡ್ಡಿ ಮರದ ಬೇರು ಮತ್ತು ಅರಗು. ನೇರಳೆ ಬೇಕೆಂದರೆ ಸಾಮಾನ್ಯವಾಗಿ ಕೆಂಪು ಹತ್ತಿದ ಬಟ್ಟೆಯನ್ನು ಮತ್ತೆ ನೀಲಿ ಹಂಡೆಯಲ್ಲಿ ಅದ್ದಬೇಕು, ಅಂದರೆ ಎರಡು ಸಲದ ಕೂಲಿ. ಬಿಳಿ ಮಚ್ಚೆ ಉಳಿಸುವುದಂತೂ ಇನ್ನೂ ನಾಜೂಕಿನ ಕೆಲಸ: ಬಣ್ಣ ಹತ್ತಬಾರದ ಜಾಗವನ್ನು ಮೇಣದಿಂದಲೋ ಅಂಟಿನಿಂದಲೋ ಮುಚ್ಚಬೇಕು, ಇಲ್ಲವೇ ಬಿಳಿ ಬಣ್ಣವನ್ನು ಮೇಲಿನಿಂದ ಅಚ್ಚೊತ್ತಬೇಕು. ಕೊನೆಗೆ ಕತ್ತರಿ ಹಿಡಿಯುವವರು ಸಿಂಪಿಗರು ಮತ್ತು ಮುಸಲ್ಮಾನ ದರ್ಜಿಗಳು. ಯೂರೋಪಿನ ಕೋಟಿಗೆ ಗುಂಡಿಗಳ ಸಾಲು ಇದ್ದರೆ ಇಲ್ಲಿಯ ಅಂಗಿಗೆ ಹಿಂದಿನಿಂದ ಬಂದ ರೂಢಿ ಕಸೆಯದು. ಕತ್ತಲಲ್ಲಿ ಅವಸರದಿಂದ ಕಟ್ಟಿಕೊಳ್ಳಲು ಅದೇ ಸುಲಭ.

ಶ್ರೀರಂಗಪಟ್ಟಣ ದ್ವೀಪದ ಪೂರ್ವಕ್ಕಿದ್ದ ಶಹರ್ ಗಂಜಾಂ ಇಂಥ ಕಸುಬುಗಳಿಗೆಂದೇ ಬೆಳೆದ ಪೇಟೆ. ಶಿರಾ ಪಟ್ಟಣದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತಂದು ಅಲ್ಲಿ ನೆಲೆಗೊಳಿಸಲಾಯಿತು ಎಂಬ ಹೇಳಿಕೆ ಇದೆ. ಹೊಸ ಕಸುಬಿನ ಹಂಬಲ ಟಿಪ್ಪುವನ್ನು ಕೊನೆಯವರೆಗೂ ಬಿಡಲಿಲ್ಲ. ಬಂಗಾಳದಿಂದಲೂ ಮಸ್ಕತ್ತಿನಿಂದಲೂ ರೇಷ್ಮೆ ಹುಳು ತರಿಸಲು 1780ರ ದಶಕದಲ್ಲಿ ಬರೆಸಿದ ಪತ್ರಗಳು ಉಳಿದಿವೆ. 1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಅವನ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಪಿಂಗಾಣಿಯವರು, ನೇಕಾರರು ಬೇಕೆಂದು ಕೇಳಿದರು. ಸೈನ್ಯದ ಮಾತಿಗೆ ಲೂಯಿ ಜಾರಿಕೊಂಡ. ಕೆಲವು ಕುಶಲಕರ್ಮಿಗಳು ಮಾತ್ರ ಬಂದರು. ಗಂಜಾಮಿನ ಹೊರಗೂ ಮಗ್ಗದ ಊರುಗಳಿದ್ದವು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ, ಹಿಂದೆ ಅತ್ತಿಕುಪ್ಪೆ ಎನಿಸಿಕೊಂಡಿದ್ದ ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲು ನೇಕಾರಿಕೆಗೆ ಹೆಸರಾದವು. ಹೊಸಹೊಳಲು ಎಂದರೆ ಲಕ್ಷ್ಮೀನಾರಾಯಣ ದೇವಾಲಯದ ಕೆತ್ತನೆಯನ್ನಷ್ಟೇ ನೆನೆಯುವವರು ಆ ಊರಿನ ಮಗ್ಗದ ಸದ್ದನ್ನು ಮರೆಯುತ್ತಾರೆ.

ಸೈನಿಕರ ಬಟ್ಟೆ ಕೈಯಿಂದ ಕೈಗೆ ಹೋಗುವುದು ಹೊಲಿದಷ್ಟೇ ಹಳೆಯ ವ್ಯವಹಾರ. ರಣರಂಗದಲ್ಲಿ ಬಿದ್ದವನ ಅಂಗಿ, ರುಮಾಲು, ಚಪ್ಪಲಿ ಸಂಜೆಯೊಳಗೆ ಇನ್ನೊಬ್ಬನ ಮೈಮೇಲೆ ಇರುತ್ತಿತ್ತು ಅಥವಾ ದಂಡಿನ ಬಾಜಾರಿನಲ್ಲಿ ಮಾರಾಟಕ್ಕಿರುತ್ತಿತ್ತು. 1771ರ ಮಾರ್ಚ್‌ನಲ್ಲಿ ಈಗಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಬಳಿ ತ್ರಿಯಂಬಕರಾವ್‌ನ ಮರಾಠಾ ಸೈನ್ಯ ಹೈದರನ ದಂಡನ್ನು ಚೆಲ್ಲಾಪಿಲ್ಲಿ ಮಾಡಿತು. ಮೇಲುಕೋಟೆಯ ಕಡೆಯಿಂದ ಮೋತಿ ತಲಾಬ್ ಕೆರೆಯ ತನಕ ದಾರಿಯುದ್ದಕ್ಕೂ ಸುಲಿಗೆ. ಹೈದರ್ ಕುದುರೆ ಏರಿ ಪಟ್ಟಣ ಸೇರಿದ. ಮಗ ಟಿಪ್ಪು ಕಾಣದೆ ಹೋಗಿ, ಆಮೇಲೆ ಫಕೀರನ ವೇಷದಲ್ಲಿ ರಾತ್ರಿ ಬಂದು ಸೇರಿಕೊಂಡನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಸೋತ ದಂಡಿನವನಿಗೆ ಸೈನಿಕನ ಉಡುಪೇ ಪ್ರಾಣಕ್ಕೆ ಸಂಚಕಾರ. ಕಳಚಿ ಎಸೆದವನು ಬದುಕುತ್ತಿದ್ದ.

ಅದೇ ಸೀಮೆ ಇಪ್ಪತ್ತು ವರ್ಷಗಳ ಬಳಿಕ ಒಂದು ವಿಚಿತ್ರ ಸಂತೆಯನ್ನು ಕಂಡಿತು. 1791ರ ಮೇ 15ರಂದು ಅರಕೆರೆಯ ಬಳಿ ಗೆದ್ದರೂ ಕಂಪನಿ ಸೈನ್ಯವನ್ನು ನಡೆಸುತ್ತಿದ್ದ ಲಾರ್ಡ್ ಕಾರ್ನ್‌ವಾಲಿಸ್‌ಗೆ ಪಟ್ಟಣವನ್ನು ಮುತ್ತಲಾಗಲಿಲ್ಲ. ಮಳೆ ಹಿಡಿದಿತ್ತು, ಎತ್ತುಗಳು ಸತ್ತಿದ್ದವು, ಅಕ್ಕಿ ಮುಗಿದಿತ್ತು. ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಅವನು ಹಿಂದಿರುಗಿದ. ಮೇಲುಕೋಟೆಯ ದಿಕ್ಕಿನಲ್ಲಿ ಎದುರಾದ ಸವಾರರನ್ನು ಶತ್ರುಗಳೆಂದು ಬಗೆದರೆ ಅವರು ತಡವಾಗಿ ಬಂದ ಮಿತ್ರರು, ಮರಾಠರು. ಅವರ ದಂಡಿನ ಬಾಜಾರನ್ನು ವಿಲ್ಕ್ಸ್ ಬಣ್ಣಿಸುವ ಪುಟ ಪ್ರಸಿದ್ಧ. ಇಂಗ್ಲೆಂಡಿನ ಉಣ್ಣೆ ಬಟ್ಟೆ, ಬರ್ಮಿಂಗ್‌ಹ್ಯಾಮಿನ ಚಾಕು, ಕಾಶ್ಮೀರದ ಶಾಲು, ವಜ್ರ, ಅದರ ಪಕ್ಕದಲ್ಲೇ ಬಡವರ ಬೆಳ್ಳಿ ಓಲೆ, ಎತ್ತು, ಕುರಿ, ಕೋಳಿ ಎಲ್ಲವೂ ಅಲ್ಲಿದ್ದವು. ಹಸಿದ ಕಂಪನಿ ಸಿಪಾಯಿಗಳು ಧಾನ್ಯಕ್ಕೆ ಕೇಳಿದಷ್ಟು ಬೆಲೆ ತೆತ್ತರು. ಅಷ್ಟು ಬಗೆಯ ಸರಕು ಯಾವ ಸಾಹುಕಾರನ ಗೋದಾಮಿನಿಂದಲೂ ಬಂದದ್ದಲ್ಲ. ದಾರಿಯ ಊರುಗಳನ್ನು ಸುಲಿದು ಕೂಡಿಸಿದ್ದೇ ಹೆಚ್ಚು. ಹಳೆಯ ಮಾಲಿನ ವ್ಯಾಪಾರಕ್ಕೆ ಮೂಲ ಯಾವುದು ಎಂದು ಆ ಬಾಜಾರಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಸುಲಿಗೆಯ ಇನ್ನೊಂದು ಮುಖ ನಾಗಮಂಗಲದ್ದು. ಹಿತ್ತಾಳೆ, ಕಂಚಿನ ಎರಕಕ್ಕೆ ಹೆಸರಾದ ಆ ಪೇಟೆಯನ್ನು ಈ ಯುದ್ಧದಲ್ಲೇ ಮರಾಠಾ ಸರದಾರ ಪರಶುರಾಮ ಭಾವುವಿನ ದಂಡು ಹಾಳುಗೆಡವಿತು. ಕೆಲವೇ ವರ್ಷಗಳ ಬಳಿಕ ಅಲ್ಲಿಗೆ ಹೋದ ಬುಕನನ್‌ಗೆ ಹಿಂದಿನ ಸಮೃದ್ಧಿಯ ಗುರುತು ಹೆಚ್ಚು ಸಿಗಲಿಲ್ಲ. ಪಟ್ಟಣಕ್ಕೆ ಸರಕು ಒದಗಿಸುತ್ತಿದ್ದ ಸುತ್ತಣ ಊರುಗಳ ಬೆನ್ನು ಮುರಿದದ್ದು ಹೀಗೆ. 1792ರ ಫೆಬ್ರವರಿ 26ರಂದು ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್‌ನ ಡೇರೆಗೆ ಬಂದಾಗ ಉದ್ದನೆಯ ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ರುಮಾಲು ತೊಟ್ಟಿದ್ದರೆಂದು ಮೇಜರ್ ಡಿರೋಮ್ ಬರೆದಿದ್ದಾನೆ. ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಇದಾದ ಮೇಲೆ ಸೈನ್ಯಕ್ಕೆ ಹೊಸ ಅಂಗಿ ಹೊಲಿಸುವುದಿರಲಿ, ಇದ್ದ ಸೈನ್ಯವನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು.

1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಕತ್ತಲಾದ ಮೇಲೆ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದಾಗ ಸಿಕ್ಕ ಟಿಪ್ಪುವಿನ ಮೈಮೇಲೆ ಏನಿತ್ತೆಂಬುದನ್ನು ಮೇಜರ್ ಅಲನ್ ಒಂದೊಂದಾಗಿ ದಾಖಲಿಸಿದ್ದಾನೆ: ನಯವಾದ ಬಿಳಿ ಬಟ್ಟೆಯ ಅಂಗಿ, ಹೂವಿನ ಛೀಟಿನ ಸಡಿಲ ಚಲ್ಲಣ, ರೇಷ್ಮೆ ಹತ್ತಿ ಬೆರೆಸಿ ನೇಯ್ದ ಕಡುಗೆಂಪು ನಡುಕಟ್ಟು, ಹೆಗಲಿಂದ ಇಳಿಬಿದ್ದ ಕೆಂಪು ಹಸಿರು ರೇಷ್ಮೆ ಪಟ್ಟಿಯ ಚೀಲ, ತೋಳಿನಲ್ಲೊಂದು ತಾಯಿತ. ತಲೆಯ ರುಮಾಲು ಬಿದ್ದುಹೋಗಿತ್ತು. ಕವಚವೂ ಇಲ್ಲ, ಹುಲಿಪಟ್ಟೆಯೂ ಇಲ್ಲ. ಸಿನಿಮಾ, ಕ್ಯಾಲೆಂಡರ್‌ಗಳು ಕೊನೆಯ ಕಾಳಗದ ಟಿಪ್ಪುವಿಗೆ ಏನೇನೋ ತೊಡಿಸಿವೆ. ಕಣ್ಣಾರೆ ಕಂಡವನ ಪಟ್ಟಿ ಮಾತ್ರ ಇಷ್ಟು ಸರಳ.

ಆ ರಾತ್ರಿ ಪಟ್ಟಣದಲ್ಲಿ ಲೂಟಿಗೆ ಲಂಗುಲಗಾಮಿರಲಿಲ್ಲ. ಮಾರನೆಯ ದಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿಸಿ, ಹಲವರಿಗೆ ಛಡಿ ಏಟು ಹಾಕಿಸಿ ಅದನ್ನು ನಿಲ್ಲಿಸಿದ. ನಂತರ ನಡೆದದ್ದು ಕಾಯಿದೆಬದ್ಧ ಲೂಟಿ. ಅರಮನೆಯ ಸರಕನ್ನೆಲ್ಲ ಪಟ್ಟಿಮಾಡಿ, ಹರಾಜು ಹಾಕಿ, ಬಂದ ಹಣವನ್ನು ದರ್ಜೆಗೆ ತಕ್ಕಂತೆ ಸೈನ್ಯಕ್ಕೆ ಹಂಚಲು ಪ್ರೈಜ್ ಏಜೆಂಟರು ನೇಮಕವಾದರು. ಸಿಂಹಾಸನವನ್ನೇ ಒಡೆದು ತುಂಡುತುಂಡಾಗಿ ಹಂಚಿಕೊಂಡವರು ಬಟ್ಟೆಯನ್ನು ಬಿಡುತ್ತಾರೆಯೇ? ಟಿಪ್ಪುವಿನ ಸ್ವಂತ ಉಡುಪುಗಳ ಪೆಟ್ಟಿಗೆಗಳೂ ಹರಾಜಿಗೆ ಸಿದ್ಧವಾದವು. ಇಲ್ಲಿ ವೆಲ್ಲೆಸ್ಲಿ ಅಡ್ಡ ಬಂದ. ಈ ಬಟ್ಟೆಗಳನ್ನು ಊರಿನ ಅತೃಪ್ತ ಮುಸಲ್ಮಾನರು ಪವಿತ್ರ ಅವಶೇಷಗಳೆಂದು ಕೊಂಡುಕೊಳ್ಳುತ್ತಾರೆ, ಅದು ಸರ್ಕಾರಕ್ಕೆ ಮರ್ಯಾದೆಯೂ ಅಲ್ಲ ಕ್ಷೇಮವೂ ಅಲ್ಲ, ಆದ್ದರಿಂದ ಸರ್ಕಾರವೇ ಎಲ್ಲವನ್ನೂ ಕೊಳ್ಳಲಿ ಎಂದು ಅವನು ಅಣ್ಣನಾದ ಗವರ್ನರ್ ಜನರಲ್‌ಗೆ ಬರೆದ. ಹಳೆಯ ಅಂಗಿಗೆ ಬೆಲೆ ಕಟ್ಟುವುದು ಬಟ್ಟೆಯಲ್ಲ, ತೊಟ್ಟವನ ಹೆಸರು ಎಂಬ ಲೆಕ್ಕ ಆ ಕಾಗದದಲ್ಲಿ ಸ್ಪಷ್ಟವಾಗಿದೆ. ಇವತ್ತಿನ ಹರಾಜು ಮನೆಗಳೂ ಇದೇ ಲೆಕ್ಕದ ಮೇಲೆ ನಡೆಯುತ್ತವೆ: 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಶಯನಗೃಹದ್ದೆಂದು ಹೇಳಲಾದ ಕತ್ತಿಯೊಂದು 1 ಕೋಟಿ 40 ಲಕ್ಷ ಪೌಂಡ್ ದಾಟಿ ಮಾರಾಟವಾಯಿತು.

ಹೊರಗೆ ಹೋದ ಬಟ್ಟೆಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥದ್ದು ವೇಲ್ಸ್ ದೇಶದ ಪೋವಿಸ್ ಕೋಟೆಯಲ್ಲಿರುವ ಟಿಪ್ಪುವಿನ ಡೇರೆ. ಮದ್ರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನ ಅದನ್ನು ಕೊಂಡೊಯ್ದಿತು. ಅವನ ಹೆಂಡತಿ ಹೆನ್ರಿಯೆಟಾ 1800ರಲ್ಲಿ ಶ್ರೀರಂಗಪಟ್ಟಣಕ್ಕೂ ಬಂದುಹೋಗಿದ್ದಳು. ಒಳಮೈ ತುಂಬ ಹೂದಾನಿ, ಹೂಬಳ್ಳಿಗಳ ಛೀಟು. ಮುಂದೆ ಅದನ್ನು ತೋಟದ ಔತಣಗಳಿಗೆ ಶಾಮಿಯಾನದಂತೆ ಹಾಕುತ್ತಿದ್ದರಂತೆ. ತಜ್ಞರು ಆ ಬಟ್ಟೆಯನ್ನು 18ನೇ ಶತಮಾನದ ಮೊದಲರ್ಧದ್ದೆಂದು ಗುರುತಿಸುತ್ತಾರೆ. ಹಾಗಾದರೆ ಅದು ಟಿಪ್ಪುವಿಗಿಂತ ಹಳೆಯದು, ಅವನ ಕೈಗೂ ಬೇರೆಯವರಿಂದ ಬಂದದ್ದು.

ಸಿಪಾಯಿಯ ಅಂಗಿಗೆ ಇಂಥ ಯೋಗವಿರಲಿಲ್ಲ. ಪಡೆ ಚದುರಿತು. ಹುಲಿಪಟ್ಟೆ ತೊಟ್ಟು ಬೀದಿಯಲ್ಲಿ ತಿರುಗುವುದು ಹೊಸ ದೊರೆಗಳ ಕಣ್ಣಿಗೆ ಒಳ್ಳೆಯದಾಗಿ ಕಾಣುವ ಮಾತಲ್ಲ. ಉಣ್ಣೆ ಬಟ್ಟೆ ಬೆಚ್ಚಗಿರುತ್ತದೆ, ಗಟ್ಟಿಯಿರುತ್ತದೆ. ಬಡವರ ಮನೆಯಲ್ಲಿ ಅದು ಮಕ್ಕಳ ಕುಲಾವಿಯಾಗಿ, ತಡಿಯ ಕೆಳಗಿನ ಮೆತ್ತೆಯಾಗಿ, ಕೌದಿಯ ಒಳಪದರವಾಗಿ ಸವೆದಿರಬೇಕು. ಮಿಕ್ಕದ್ದನ್ನು ಹವೆ ನೋಡಿಕೊಂಡಿತು. ಉಣ್ಣೆಗೆ ನುಸಿ, ಹತ್ತಿಗೆ ಕಾವೇರಿ ದಡದ ತೇವದ ಬೂಷ್ಟು, ಕಬ್ಬಿಣದ ನೀರು ಹಾಕಿ ಕಪ್ಪು ಮಾಡಿದ ನೂಲಿಗೆ ಆ ಬಣ್ಣವೇ ಮೃತ್ಯು. ಕಪ್ಪಿರುವ ಕಡೆ ಬಟ್ಟೆ ತಾನಾಗಿ ಪುಡಿಯಾಗುತ್ತದೆ. ಹೊಸ ಅಂಗಿ ಹೊಲಿಯುವವರೂ ಉಳಿಯಲಿಲ್ಲ. ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷ ಇದ್ದಿರಬಹುದೆಂದು ಅಂದಾಜು ಮಾಡಿದ ಬುಕನನ್ 1800ರಲ್ಲಿ ಕಂಡದ್ದು ಸುಮಾರು 32 ಸಾವಿರ. ದರ್ಬಾರು ಮೈಸೂರಿಗೆ ಹೋಗಿತ್ತು. ಜ್ವರದ ಕಾಟ ತಾಳಲಾರದೆ ಕಂಪನಿಯ ದಂಡು 1809ರಿಂದ ಬೆಂಗಳೂರಿಗೆ ಎದ್ದಿತು. ದಂಡು ಹೋದಲ್ಲಿಗೆ ದರ್ಜಿಯೂ ಹೋಗುತ್ತಾನೆ.

ಉಳಿದದ್ದು ಗೋಡೆ. 1784ರಲ್ಲಿ ಕಟ್ಟಿದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್‌ನ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗವಿದೆ. ಕಂಚಿಯ ಬಳಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ದಂಡನ್ನು ಅಳಿಸಿಹಾಕಿದ ದಿನ ಅದು. ಕೆಂಪು ಕೋಟಿನ ಇಂಗ್ಲಿಷರು ಚೌಕಾಕಾರವಾಗಿ ಒತ್ತೊತ್ತಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿದಿದೆ. ಪಲ್ಲಕ್ಕಿಯಲ್ಲಿ ಕೂತ ಬೇಲಿ ದಿಗಿಲಿನಿಂದ ಬೆರಳು ಕಚ್ಚುತ್ತಿದ್ದಾನೆ. ಫ್ರೆಂಚ್ ದಳದ ಲಾಲಿ ದೂರದರ್ಶಕ ಹಿಡಿದು ನೋಡುತ್ತಿದ್ದಾನೆ. ಟಿಪ್ಪು ಮಾತ್ರ ಏನೂ ಆಗಿಲ್ಲವೆಂಬಂತೆ ಹೂ ಮೂಸುತ್ತಿದ್ದಾನೆ. ಉಡುಪಿನ ಚರಿತ್ರೆಗೆ ಈ ಗೋಡೆ ದೊಡ್ಡ ಆಸ್ತಿ. ರುಮಾಲಿನ ಸುತ್ತು, ನಡುಕಟ್ಟಿನ ಅಗಲ, ಫ್ರೆಂಚರ ಟೋಪಿ, ಇಂಗ್ಲಿಷರ ಕೋಟಿನ ಪಟ್ಟಿ, ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಹೋಲಿಸಿ ನೋಡಬಹುದು.

ಆದರೆ ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮುತ್ತಿಗೆಗೆ ಮುಂಚೆಯೇ ಈ ಚಿತ್ರಗಳನ್ನು ಅಳಿಸಲಾಗಿತ್ತು. ಕೋಟೆ ಬಿದ್ದರೆ ಶತ್ರುವಿನ ಕೈಗೆ ಸಿಗುವ ಮನೆಯಲ್ಲಿ ಶತ್ರುವಿನ ಸೋಲಿನ ಚಿತ್ರ ಇರಬಾರದೆಂದು ಸುಣ್ಣ ಬಳಿಸಿದರೆಂಬ ಮಾತಿದೆ. ಗೆದ್ದು ಬಂದು ಅದೇ ಮನೆಯಲ್ಲಿ ವಾಸವಿದ್ದ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಸಿದ. ತನ್ನ ಸೈನ್ಯದ ಅವಮಾನವನ್ನು ತಾನೇ ಬರೆಸಿದ ಸೇನಾಧಿಪತಿ ಚರಿತ್ರೆಯಲ್ಲಿ ಅಪರೂಪ. ಅರ್ಧ ಶತಮಾನದಲ್ಲಿ ಆ ಬಣ್ಣವೂ ಮಾಸಿತು. 1855ರಲ್ಲಿ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲ ಚಿತ್ರಗಳನ್ನು ಕಂಡು ನೆನಪಿಟ್ಟುಕೊಂಡಿದ್ದ ಸ್ಥಳೀಯ ಚಿತ್ರಗಾರನೊಬ್ಬನಿಂದ ಇನ್ನೊಮ್ಮೆ ಬರೆಸಲಾಯಿತು. ಅವನ ಹೆಸರನ್ನು ಯಾರೂ ದಾಖಲಿಸುವ ಗೋಜಿಗೆ ಹೋಗಲಿಲ್ಲ. ಡಾಲ್‌ಹೌಸಿಯ ಹೆಸರು ಮಾತ್ರ ಗುಂಬಜ್‌ಗೆ ಅವನು ಕೊಟ್ಟ ದಂತದ ಕುಸುರಿಯ ಬಾಗಿಲುಗಳ ಜೊತೆಗೂ ನಿಂತಿದೆ. ಈಗ ಗೋಡೆಯ ಮೇಲಿರುವ ಒಂದೊಂದು ಅಂಗಿಯಲ್ಲೂ ಮೂರು ಕಾಲದ ಕೈವಾಡವಿದೆ. ಮೈಸೂರಿನವರ ಉಡುಪಿನಲ್ಲಿ ಹೊಸ ಚಿತ್ರಗಾರನ ಕೈ ತಪ್ಪಿರುವ ಸಾಧ್ಯತೆ ಕಡಿಮೆ, ಅದು ಅವನಿಗೆ ಪರಿಚಿತ. ಪರದೇಶಿ ಕೋಟಿನ ಗುಂಡಿ, ಕಾಲರು, ಪಟ್ಟಿಗಳ ವಿಷಯದಲ್ಲಿ ಅವನು ತನ್ನ ಕಾಲದ ಪಲ್ಟನ್ನುಗಳನ್ನು ನೋಡಿ ಬರೆದಿರಬಹುದು.

ಇದಕ್ಕೆ ಹೋಲಿಸಿ ನೋಡಲು ಇನ್ನೊಂದು ಆಧಾರವಿದೆ. ಇದೇ ಪೊಳ್ಳಿಲೂರು ಕಾಳಗವನ್ನು ಕಾಗದದ ಮೇಲೆ ಬರೆದ ಉದ್ದನೆಯ ಪ್ರತಿಯೊಂದು ಇಂಗ್ಲೆಂಡಿನಲ್ಲಿ ಉಳಿದಿತ್ತು. 2010ರಲ್ಲಿ ಒಮ್ಮೆ, 2022ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಸದಬೀಸ್ ಅದನ್ನು ಹರಾಜು ಹಾಕಿತು; ಎರಡನೆಯ ಸಲ 6 ಲಕ್ಷ 30 ಸಾವಿರ ಪೌಂಡಿಗೆ ಹೋಯಿತು. ಗೋಡೆ ಮತ್ತು ಕಾಗದ ಒಪ್ಪುವ ಕಡೆ ಧೈರ್ಯವಾಗಿ ಒಪ್ಪಬಹುದು, ಒಪ್ಪದ ಕಡೆ ಗೋಲ್ಡ್ ಮತ್ತು ಹೋಮ್‌ರ ರೇಖೆಗಳ ಮೊರೆ ಹೋಗಬೇಕು. ದರಿಯಾ ದೌಲತ್ 1959ರಿಂದ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯ. ಬಿಸಿಲು ತಾಗದಿರಲೆಂದು ಪಡಸಾಲೆಗೆ ಹಸಿರು ಪರದೆಗಳನ್ನು ಇಳಿಬಿಟ್ಟಿದ್ದಾರೆ.

ಪ್ರತಿ ಉಡುಪು ಮಾಡುವ ಕಸುಬನ್ನು ಈ ಸೀಮೆಯಲ್ಲಿ ಉಳಿಸಿದ್ದು ನಾಟಕ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟದ ಊರು ಹುಡುಕಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಮೇಲೆ ಸೀನರಿಯವರಿಂದ ಪರದೆ, ಕಿರೀಟ, ಭುಜಕೀರ್ತಿ, ಜರಿಯ ಕೋಟು ಬಾಡಿಗೆಗೆ ಬರುತ್ತವೆ. ಸೀನರಿ ಅಂಗಡಿಯ ಕೋಟಿನ ಒಳಮೈ ತಿರುಗಿಸಿ ನೋಡಿದರೆ ಅದರ ಆಯಸ್ಸೇ ತಿಳಿಯುತ್ತದೆ. ಕಂಕುಳಲ್ಲಿ ಬೆವರಿಗೆ ಸೀಳಿದ ಕಡೆ ಬೇರೆ ಬಣ್ಣದ ತೇಪೆ, ಬೆನ್ನಲ್ಲಿ ದಪ್ಪ ಸಣ್ಣ ಆಳುಗಳಿಗೆ ಒಗ್ಗಿಸಲು ಬಿಟ್ಟ ಲಾಡಿಗಳು, ಉದುರಿದ ಚಮಕಿಯ ಮೇಲೆ ಮತ್ತೆ ಹೊಲಿದ ಚಮಕಿ. ಭೀಮನ ಕೋಟು ಮಾರನೆಯ ರಾತ್ರಿ ದುರ್ಯೋಧನನದಾಗುತ್ತದೆ. ಚಾರಿತ್ರಿಕ ನಾಟಕ ಬಂದಾಗ ಅದೇ ಕೋಟಿಗೆ ನಡುಕಟ್ಟು ಬಿಗಿದು ರುಮಾಲು ಸುತ್ತಿದರೆ ಸರದಾರ. ಚರಿತ್ರೆಯ ದೃಷ್ಟಿಯಿಂದ ಇದು ಶುದ್ಧ ಅಪಚಾರವಾದರೂ, ಕೆಟ್ಟ ಬಟ್ಟೆಯನ್ನು ಬದುಕಿಸಿಕೊಳ್ಳುವ ಹಳೆಯ ಕೈಚಳಕ ಉಳಿದಿರುವುದು ಇಲ್ಲೇ.

ದೊಡ್ಡ ಪ್ರಮಾಣದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಉಡುಪು ಮಾಡಿಸಿದ್ದು 1990ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಅದರ ಚಿತ್ರೀಕರಣ ನಡೆಯುತ್ತಿದ್ದ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ರಂಗಕ್ಕೆ ಬಂದ ಮೇಲೆ ಹವ್ಯಾಸಿ ತಂಡಗಳೂ ಈ ಉಡುಪಿನ ಹುಡುಕಾಟಕ್ಕೆ ಇಳಿದವು. ಸಾಮಾನ್ಯವಾಗಿ ಆಗುವ ತಪ್ಪು ಬಣ್ಣದ್ದು. ಹಳದಿ ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆದರೆ ಮಕ್ಕಳ ವೇಷದ ಹುಲಿಯಾಗುತ್ತದೆ. ಬರಹದ ಸಾಕ್ಷ್ಯ ಹೇಳುವುದು ನೇರಳೆ ನೆಲ, ಬಿಳಿ ಮಚ್ಚೆ. ಎರಡನೆಯ ತಪ್ಪು ಬಟ್ಟೆಯದು. ಪಾಲಿಯೆಸ್ಟರ್ ಎಷ್ಟೇ ಚೆನ್ನಾಗಿ ಅಚ್ಚಾದರೂ ಉಣ್ಣೆಯ ಹಾಗೆ ಮಡಿಕೆ ಬೀಳುವುದಿಲ್ಲ, ಬೆಳಕಿಗೆ ಹೊಳೆದು ಗುಟ್ಟು ಬಿಟ್ಟುಕೊಡುತ್ತದೆ. ಒರಟು ಕೈನೂಲು, ಗಿಡಮೂಲದ ಬಣ್ಣ ಬೇಕೆನ್ನುವವರಿಗೆ ದೂರ ಹೋಗುವ ಕೆಲಸವಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿ 1960ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಕಾರಿಕೆಯನ್ನು ನಡೆಸಿಕೊಂಡು ಬಂದಿದೆ.

ಹಳೆಯ ಉಡುಪು ಕೈಗೆ ಸಿಕ್ಕಾಗ ಸೀನರಿಯವರ ಪದ್ಧತಿಗೂ ವಸ್ತುಸಂಗ್ರಹಾಲಯದ ಪದ್ಧತಿಗೂ ಅಜಗಜಾಂತರ. ಸೀನರಿಯವರಿಗೆ ಅಂಗಿ ಇನ್ನೊಂದು ರಾತ್ರಿ ಬಾಳಬೇಕು, ಹಾಗಾಗಿ ಒಗೆಯುತ್ತಾರೆ, ಹೊಸ ಬಣ್ಣ ಹಾಕುತ್ತಾರೆ, ಕೆಟ್ಟ ತೋಳನ್ನು ಕಿತ್ತು ಬೇರೆ ತೋಳು ಕೂಡಿಸುತ್ತಾರೆ. ಸಂಗ್ರಹಾಲಯದಲ್ಲಿ ಮೊದಲ ನಿಯಮವೇ ನೀರು ಮುಟ್ಟಿಸದಿರುವುದು. ನೆಂದರೆ ಹಳೆಯ ಬಣ್ಣ ಹರಿಯುತ್ತದೆ, ಹತ್ತಿ ತುಂಬಿದ ಕವಚವಾದರೆ ಒಳಗಿನ ಹತ್ತಿ ಗಂಟುಗಟ್ಟುತ್ತದೆ. ಧೂಳನ್ನು ಬಲೆಬಟ್ಟೆಯ ಮೇಲಿಂದ ಮೆಲ್ಲಗೆ ಹೀರಿಸುತ್ತಾರೆ. ಹರಿದ ಜಾಗವನ್ನು ಎಳೆದು ಕೂಡಿಸದೆ, ಅಡಿಯಲ್ಲಿ ಅದೇ ಛಾಯೆಯ ಹೊಸ ಬಟ್ಟೆ ಇಟ್ಟು, ಕೂದಲಿನಷ್ಟು ಸಪೂರ ರೇಷ್ಮೆ ಎಳೆಯಿಂದ ಸಡಿಲವಾಗಿ ಕಟ್ಟುತ್ತಾರೆ. ಮುಂದೆ ಬೇಕೆಂದಾಗ ಬಿಚ್ಚಲು ಬರಬೇಕು. ಬೆಳಕು 50 ಲಕ್ಸ್ ಮೀರದಂತೆ ನೋಡಿಕೊಳ್ಳುತ್ತಾರೆ. ರಕ್ತದ ಕಲೆ, ಕತ್ತಿಯ ಸೀಳು, ಹಳೆಯ ದರ್ಜಿ ಹಾಕಿದ ತೇಪೆ ಇದ್ದರೆ ಅವನ್ನು ತೆಗೆಯುವುದಿಲ್ಲ. ಹುಲಿಯಂಗಿಯ ತುಂಡೊಂದು ಎಲ್ಲಾದರೂ ಹಳೆಯ ಕೌದಿಯ ಒಳಪದರದಲ್ಲಿ ಸಿಕ್ಕಿದರೆ, ಅದರ ನೇರಳೆ ಯಾವ ಬಣ್ಣಗಳಿಂದ ಬಂತು, ಬಿಳಿ ಮಚ್ಚೆಯನ್ನು ಮೇಣದಿಂದ ಉಳಿಸಿದರೋ ಮೇಲಿಂದ ಒತ್ತಿದರೋ ಎಂಬುದನ್ನು ಇಂಥ ಒಗೆಯದ ಬಟ್ಟೆಯ ಎಳೆಯಿಂದಲೇ ಪ್ರಯೋಗಾಲಯದಲ್ಲಿ ಪತ್ತೆಹಚ್ಚಬಹುದು.